ಫೋಟೋದಲ್ಲಿ ಅಳಿಸಿದ ಗುರುತು

ಮಗಳಿಗೆ ಗಂಡು ಹುಡುಕುತ್ತಿದ್ದೀರಾ? ಹಾಗಾದರೆ ಅವಳ ಫೋಟೋ ಈ ಹೊತ್ತಿಗೆ ಎಷ್ಟು ಮಂದಿಯ ಫೋನಿನಲ್ಲಿದೆ ಎಂದು ಒಂದು ಸಲ ಯೋಚನೆ ಮಾಡಿ ನೋಡಿರಿ. ಹೇಳಲು ಬರುವುದಿಲ್ಲ, ಹೌದಲ್ಲ? ಅಕ್ಕಲಕೋಟ ತಾಲೂಕಿನ ತಡವಳದ ಸಾಯಬಣ್ಣನಿಗೂ ಬರಲಿಲ್ಲ.

ಸಾಯಬಣ್ಣ ಹೊಲಮನೆ ಇದ್ದ ಗಟ್ಟಿ ಕುಳ. ಊರಲ್ಲಿ ಅವನ ಮಾತಿಗೆ ಬೆಲೆ ಇತ್ತು. ಮಗಳು ಸುವರ್ಣಾ ಬಿ.ಎಡ್. ಮುಗಿಸಿ ಅಕ್ಕಲಕೋಟದ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ದಿನಾ ಬಸ್ಸಿಗೆ ಹೋಗಿ ಬಸ್ಸಿಗೇ ಬರುತ್ತಿದ್ದಳು. ಐದು ವರ್ಷದವಳಿದ್ದಾಗ ಕಾದ ರೊಟ್ಟಿಹಂಚಿನ ಮೇಲೆ ಬಿದ್ದು ಅವಳ ಬಲಗಲ್ಲ ಸುಟ್ಟಿತ್ತು. ಹೆಬ್ಬೆರಳಿನಷ್ಟು ಅಗಲದ ಗುರುತು ಹಾಗೇ ಉಳಿದಿತ್ತು. ಶಾಲೆಯ ಮಕ್ಕಳು ಅದನ್ನು ಎಂದೂ ಕೇಳಿದವರಲ್ಲ. ಅವಳಿಗೂ ಅದು ನೆನಪಿಗೆ ಬರುತ್ತಿರಲಿಲ್ಲ. ಅದರ ಚಿಂತೆ ಇದ್ದದ್ದು ಅಪ್ಪನಿಗೆ.

ಈಗ ನಮ್ಮ ಕಡೆ ಸಂಬಂಧ ಕೂಡಿಸುವುದು ವಾಟ್ಸಾಪಿನ ವಧೂ-ವರ ಗ್ರೂಪು. ಹುಡುಗಿಯ ಹೆಸರು, ಓದು, ಎತ್ತರ, ಸೋದರಮಾವನ ಊರು ಎಲ್ಲ ಬರೆದು, ಮೇಲೊಂದು ಫೋಟೋ ಹಚ್ಚಿ ಬಿಟ್ಟರೆ ಆ ಬಯೋಡಾಟಾ ಸಂಜೆಯೊಳಗೆ ಪುಣೆ ಮುಟ್ಟಿರುತ್ತದೆ. ಸಾಯಬಣ್ಣನೂ ದೀಪಾವಳಿ ಮುಗಿದ ಮೇಲೆ ಮಗಳನ್ನು ಅಕ್ಕಲಕೋಟದ ಸ್ಟುಡಿಯೋಕ್ಕೆ ಕರೆದೊಯ್ದ. ಫೋಟೋ ತೆಗೆದಾದ ಮೇಲೆ ಸ್ಟುಡಿಯೋದವನ ಕಿವಿಯಲ್ಲಿ, ಆ ಗಲ್ಲದ ಮೇಲಿನದಷ್ಟು ತೆಗೆದುಬಿಡಿ ಎಂದ. ಇರಲಿ ಬಿಡಪ್ಪಾ ಎಂದಳು ಸುವರ್ಣಾ. ಅವಳ ಮಾತು ಯಾರು ಕೇಳುತ್ತಾರೆ? ಕಂಪ್ಯೂಟರಿನ ಮುಂದೆ ಕುಳಿತವನು ಎರಡು ಸಲ ಕೈ ಆಡಿಸಿದ, ಗುರುತು ಹೋಯಿತು.

ಆ ಫೋಟೋ ನೋಡಿ ವಳಸಂಗದಿಂದ ಸಂಬಂಧ ಬಂತು. ಹುಡುಗ ಸೋಮೇಶ, ಸೋಲಾಪುರದಲ್ಲಿ ನೌಕರಿ. ಹೆಣ್ಣು ನೋಡಲು ಬಂದ ದಿನ ಸುವರ್ಣಾಳ ತಾಯಿ ಪಾರ್ವತಿಬಾಯಿ ಮಗಳ ಬಲಗಲ್ಲಕ್ಕೆ ಎರಡು ಸಲ ಪೌಡರು ಬಳಿದು, ಸೆರಗು ಮುಂದೆ ಎಳೆದು, ಎಡಗಡೆ ಬೆಳಕು ಬೀಳುವಂತೆ ಕೂರಿಸಿದಳು. ಬಂದವರು ಒಪ್ಪಿ ಹೋದರು. ಯುಗಾದಿ ಮುಗಿದ ಮೇಲೆ ಸಾಕರಪುಡಿ ಹಂಚಿ ನಿಶ್ಚಯ ಮಾಡುವುದು ಎಂದು ಮಾತಾಯಿತು. ನಿಶ್ಚಯ ಒಂದು ಆಗಿಬಿಟ್ಟರೆ ಆಮೇಲೆ ಗುರುತು ಕಂಡರೂ ಯಾರು ಏನು ಅಂದಾರು ಎಂದು ಸಾಯಬಣ್ಣ ಹೆಂಡತಿಗೆ ಹೇಳುತ್ತಿದ್ದ.

ಜೋಳ ಕೀಳುವ ದಿನಗಳು. ಸಾಯಬಣ್ಣನ ಚಿಕ್ಕಪ್ಪನ ಮಗ ಶಿವಶರಣ ಮೋಟರ್‌ಸೈಕಲ್ಲಿನ ಮೇಲೆ ಹೊಲಕ್ಕೇ ಬಂದ. ಬಂದವನೇ ಫೋನು ಮುಂದೆ ಹಿಡಿದ. ನೋಡಬಾರದ ವಿಡಿಯೋ ಅದು. ಅದರಲ್ಲಿದ್ದ ಹೆಣ್ಣಿಗೆ ಸುವರ್ಣಾಳ ಮುಖ. ವಳಸಂಗದ ಹುಡುಗನ ಸೋದರಮಾವ ಕಳಿಸಿ, ಇದೇನು ಎಂದು ಕೇಳಿದ್ದಾನೆ ಎಂದ ಶಿವಶರಣ.

ಆಗ ಸಾಯಬಣ್ಣ ಮಾಡಬೇಕಾದದ್ದು ಒಂದೇ ಇತ್ತು, ಮಗಳನ್ನು ಕೇಳುವುದು. ಅವಳು ಆ ಹೊತ್ತಿನಲ್ಲಿ ಏಳನೇ ತರಗತಿಯ ಮಕ್ಕಳಿಗೆ ಭಿನ್ನರಾಶಿ ಬಿಡಿಸಿ ಹೇಳುತ್ತಿದ್ದಳು. ಅವಳನ್ನು ಕೇಳದೆ ಇವನು ಏನು ಮಾಡಿದ ಗೊತ್ತೇ? ಆ ವಿಡಿಯೋವನ್ನು ಶಿವಶರಣನಿಂದ ತನ್ನ ಫೋನಿಗೆ ಹಾಕಿಸಿಕೊಂಡು, ಅಣ್ಣತಮ್ಮಂದಿರ ಬಳಗದ ಮೂವತ್ತೆರಡು ಮನೆಯವರಿದ್ದ ಭಾವಕಿ ಗ್ರೂಪಿಗೆ ತಾನೇ ಕಳಿಸಿದ. ಜೊತೆಗೆ ತನ್ನ ದನಿಯ ಮೆಸೇಜನ್ನೂ ಕೂಡಿಸಿದ, ಇದು ನನ್ನ ಮಗಳಲ್ಲ, ಯಾರೂ ನೋಡಬೇಡಿ, ಯಾರೂ ನಂಬಬೇಡಿ ಎಂದು. ನೋಡಬೇಡಿ ಎಂದು ಹೇಳಿ ಕೈಗೆ ಕೊಟ್ಟರೆ ನೋಡದೆ ಬಿಡುವವರು ಯಾರು? ತನ್ನ ಕೈಯಾರೆ ಮಗಳ ಮಾನವನ್ನು ಮೂವತ್ತೆರಡು ಮನೆಗೆ ಹಂಚಿ, ತಾನೇನೋ ಕಾಪಾಡಿದೆ ಎಂದುಕೊಂಡ. ಇದನ್ನು ಹೇಳುವಾಗ ನನಗೆ ಹೊಟ್ಟೆ ಉರಿಯುತ್ತದೆ.

ಸಂಜೆ ಸುವರ್ಣಾ ಬಸ್ಸಿಳಿದು ಮನೆಗೆ ಬಂದಾಗ ಅವಳಿಗೂ ಎಲ್ಲ ಗೊತ್ತಾಗಿತ್ತು. ಶಾಲೆಯಲ್ಲಿ ಮುಖ್ಯಾಧ್ಯಾಪಕಿ ಬಾಯಿಯವರು ಬಾಗಿಲು ಹಾಕಿಕೊಂಡು ವಿಡಿಯೋ ತೋರಿಸಿದ್ದರು. ಅವಳು ಅಳಲಿಲ್ಲ. ಚೀಲ ಕೂಡ ಕೆಳಗಿಡದೆ ಅಪ್ಪನ ಮುಂದೆ ನಿಂತಳು.

"ಅಪ್ಪಾ, ಆ ಮಾರಿ ಮ್ಯಾಲ ನನ್ನ ಸುಟ್ಟ ಗುರುತಿಲ್ಲ. ಬಯೋಡಾಟಾದ ಫೋಟೋ ತಗೊಂಡು ಯಾರೋ ಮಶೀನ್‌ದಾಗ ಮಾಡ್ಯಾರ. ನಡಿ, ಪೊಲೀಸರಿಗಿ ಹೇಳೂನು."

ಸಾಯಬಣ್ಣ ಬಾಯಿ ಮುಚ್ಚು ಎಂದ. ಗುರುತಿನ ಮಾತೆತ್ತಿದರೆ ವಳಸಂಗದವರು ನಮಗೆ ಖೋಟಾ ಫೋಟೋ ಕಳಿಸಿದಿರಾ ಎಂದು ಕೇಳುತ್ತಾರೆ, ಉಳಿದ ಸಂಬಂಧವೂ ಹೋಗುತ್ತದೆ ಎಂದ. ವಿಡಿಯೋ ಸುಳ್ಳು ಎಂದು ಅವನಿಗೆ ಗೊತ್ತಿತ್ತು. ಅದನ್ನು ಸುಳ್ಳು ಎಂದು ತೋರಿಸಬೇಕಾದರೆ ತನ್ನ ಸುಳ್ಳನ್ನು ಮೊದಲು ಹೇಳಬೇಕಿತ್ತು. ಅದಕ್ಕೆ ಅವನ ನಾಲಿಗೆ ಏಳಲಿಲ್ಲ.

ಮರುದಿನ ಅವನು ಶಿವಶರಣನನ್ನು ಕರೆದುಕೊಂಡು ಮನೆಮನೆಗೆ ಹೋಗಿ ಕೈಮುಗಿದ. ದಯಮಾಡಿ ಅಳಿಸಿರಿ ಎಂದು ಬೇಡಿಕೊಂಡ. ಶಿವಶರಣ ಎಲ್ಲರ ಮುಂದೆ ಕುಲದೇವರ ಆಣೆ ಮಾಡಿ, ಎಲ್ಲರಿಗಿಂತ ಮೊದಲು ಅಳಿಸಿದವನು ನಾನು ಎಂದ. ಸಾಯಬಣ್ಣ ತನ್ನ ಫೋನಿನಲ್ಲಿದ್ದದ್ದನ್ನು ಅಳಿಸಿದ. ಸುವರ್ಣಾಳ ಫೋನಿಗೆ ಗುರುತಿಲ್ಲದ ನಂಬರುಗಳಿಂದ ಬಂದಿದ್ದ ಹೊಲಸು ಮೆಸೇಜುಗಳನ್ನೂ ಅಳಿಸಿ, ಸಿಮ್ ಮುರಿದು ಒಲೆಗೆ ಹಾಕಿದ. ಇಲ್ಲಿಗೆ ಮುಗಿಯಿತು ಎಂದುಕೊಂಡ.

ಹನ್ನೊಂದು ದಿನ ಕಳೆದವು. ವಿಡಿಯೋ ಮೈಂದರ್ಗಿಗೆ ಹೋಯಿತು, ಅಕ್ಕಲಕೋಟಕ್ಕೆ ಹೋಯಿತು, ಸೋಲಾಪುರ ಮುಟ್ಟಿತು. ಬಸ್ಸಿನಲ್ಲಿ ಇಬ್ಬರು ಗಂಡಸರು ಫೋನು ನೋಡುವುದು, ಸುವರ್ಣಾಳ ಮುಖ ನೋಡುವುದು, ಮತ್ತೆ ಫೋನು ನೋಡುವುದು ಮಾಡಿದರು. ಅವರ ವಯಸ್ಸು ಅವಳ ಅಪ್ಪನಷ್ಟಿತ್ತು. ಶಾಲೆಯವರು ಎಲ್ಲ ತಣ್ಣಗಾಗುವವರೆಗೆ ಮನೆಯಲ್ಲಿರಿ ಎಂದರು. ವಳಸಂಗದವರು ಫೋನು ಎತ್ತುವುದನ್ನೇ ಬಿಟ್ಟರು. ಸುವರ್ಣಾ ಊಟ ಬಿಟ್ಟಳು, ಮಾತು ಬಿಟ್ಟಳು. ಪಾರ್ವತಿಬಾಯಿ ಹಿತ್ತಲ ಬಾವಿಯ ಕಡೆಗಿನ ಬಾಗಿಲಿಗೆ ಕೀಲಿ ಹಾಕಿ, ಮಗಳ ಪಕ್ಕ ಬಿಟ್ಟು ಕದಲಲಿಲ್ಲ. ಹನ್ನೊಂದನೆಯ ದಿನ ಸುವರ್ಣಾ ತಾಯಿಯ ಫೋನಿನಿಂದ ಒಂದು ನಂಬರು ಹಚ್ಚಿದಳು.

ಮರುದಿನ ಮುಂಜಾನೆಯ ಬಸ್ಸಿಗೆ ಕೇತಕಿ ಬಂದಿಳಿದಳು. ಕಾಲೇಜಿನಲ್ಲಿ ಸುವರ್ಣಾಳ ಜೊತೆ ಓದಿದವಳು, ಈಗ ಸೋಲಾಪುರದಲ್ಲಿ ವಕೀಲಿ ಮಾಡುತ್ತಾಳೆ. ಪಡಸಾಲೆಯಲ್ಲಿ ಕುಳಿತು ಚಹಾ ಕುಡಿಯುವ ಮೊದಲೇ ಎಲ್ಲ ಕೇಳಿದಳು. ಶಿವಶರಣ ಅಲ್ಲೇ ಇದ್ದ. ಅವನಿಗೆ ಇದು ಸರಿಬರಲಿಲ್ಲ.

"ಠಾಣೇಕ ಹೋದ್ರ ಗೊತ್ತಿಲ್ಲದಾವ್ರಿಗೂ ಗೊತ್ತಾಗ್ತದ್ರಿ ಬಾಯಾರ. ಮಾಡಿದಾಂವ ಯಾಂವಂತ ನಮಗ ಗೊತ್ತಿಲ್ಲ. ಯಾರ ಮ್ಯಾಲ ಫಿರ್ಯಾದಿ ಕೊಡೂದು? ಹ್ಯಾಂಗೂ ಎಲ್ಲಾರೂ ಡಿಲೀಟ ಮಾಡ್ಯಾರ, ಬಿಟ್ಟ ಬಿಡ್ರಿ."

"ಡಿಲೀಟ ಮಾಡಿದ್ದಽ ಘಾತ ಆಗ್ಯಾದ್ರಿ ಕಾಕಾ," ಎಂದಳು ಕೇತಕಿ. "ನಿಮ್ಮ ಮನ್ಯಾಗ ಹೋಯ್ತು, ಊರಾಗ ಹೋಗಿಲ್ಲ. ಹೋಗಿದ್ದು ನಿಮ್ಮ ಸಾಕ್ಷಿ ಒಂದಽ."

ಆಮೇಲೆ ಅವಳು ನಿಧಾನವಾಗಿ ತಿಳಿಸಿ ಹೇಳಿದಳು. ಒಬ್ಬರ ಮುಖವನ್ನೋ ದನಿಯನ್ನೋ ತೆಗೆದು ಇನ್ನೊಬ್ಬರ ಮೈಗೆ ಹಚ್ಚುವ ಇದಕ್ಕೆ ಡೀಪ್‌ಫೇಕ್ ಎನ್ನುತ್ತಾರೆ. ಈ ಹೆಸರಿನದೇ ಒಂದು ಬೇರೆ ಕಾಯ್ದೆ ನಮ್ಮಲ್ಲಿ ಇನ್ನೂ ಇಲ್ಲ, ಅದು ನಿಜ. ಆದರೆ ಇದ್ದ ಕಾಯ್ದೆಗಳಲ್ಲಿ ದಾರಿ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಮತ್ತೊಬ್ಬರ ಗುರುತು ಕದಿಯುವುದು ಗುನ್ಹೆ, ಇಂಥ ಹೊಲಸು ವಿಡಿಯೋ ಹಾಕುವುದು ಗುನ್ಹೆ, ಬಂದದ್ದನ್ನು ಮುಂದೆ ಕಳಿಸುವುದೂ ಗುನ್ಹೆ. ಮಾಡಿದವನ ಹೆಸರು ಗೊತ್ತಿರಬೇಕೆಂದಿಲ್ಲ, ಹುಡುಕುವುದು ಪೊಲೀಸರ ಕೆಲಸ. ಯಾವ ಠಾಣೆಯಲ್ಲಿ ಬೇಕಾದರೂ ಫಿರ್ಯಾದಿ ಬರೆಸಬಹುದು, ನಮ್ಮ ಹದ್ದಿಗೆ ಬರುವುದಿಲ್ಲ ಎಂದು ಹೊರಳಿಸಿ ಕಳಿಸುವಂತಿಲ್ಲ. ವಿಡಿಯೋ ಇರುವ ಆ್ಯಪಿನ ಕಂಪನಿಗೆ ದೂರು ಕೊಟ್ಟರೆ ಅವರು ಅದನ್ನು ತೆಗೆಯಲೇಬೇಕು. ಇಷ್ಟಕ್ಕೆಲ್ಲ ಒಂದೇ ಒಂದು ಬೇಕು: ಯಾವ ನಂಬರಿನಿಂದ ಬಂತು, ಯಾವ ದಿನ ಬಂತು, ಯಾವ ಗ್ರೂಪಿನಲ್ಲಿ ಬಂತು ಎಂಬ ಪುರಾವೆ.

"ಈಗ ನಿಮ್ಮ ಕಡಿ ಏನದ?" ಎಂದು ಕೇಳಿದಳು.

ಸಾಯಬಣ್ಣ ನೆಲ ನೋಡುತ್ತ ಕುಳಿತ. ಶಿವಶರಣ ಫೋನಿದ್ದ ಕಿಸೆಯ ಮೇಲೆ ಕೈ ಇಟ್ಟುಕೊಂಡು ಹೊರಗೆ ನೋಡಿದ.

ವಿಡಿಯೋದಲ್ಲಿ ಇರುವುದು ಸುವರ್ಣಾ ಅಲ್ಲ ಎಂದು ಹೇಗೆ ತೋರಿಸುವುದು ಎಂದು ಕೇತಕಿ ಕೇಳಿದಾಗ, ಸುವರ್ಣಾ ಎದ್ದು ಬಾಗಿಲ ಬೆಳಕಿಗೆ ಬಂದು ಬಲಗಲ್ಲ ತಿರುಗಿಸಿ ನಿಂತಳು. ಸ್ಟುಡಿಯೋದವನ ಹತ್ತಿರ ಗುರುತಿದ್ದ ಫೋಟೋವೂ ಇದೆ, ಅಳಿಸಿದ ಫೋಟೋವೂ ಇದೆ ಎಂದಳು. ಸಾಯಬಣ್ಣ ತಡೆಯಲು ಹೋದ. ನಾಲ್ಕು ಮಂದಿಯಲ್ಲಿ ಅದನ್ನು ಹೇಗೆ ಹೇಳುವುದು, ಮಂದಿ ನಮ್ಮನ್ನೇ ಖೋಟಾ ಅಂತಾರೆ ಎಂದ.

ಹನ್ನೆರಡು ದಿನ ಅಪ್ಪನೊಂದಿಗೆ ಮಾತಾಡದ ಸುವರ್ಣಾ ಆಗ ಮಾತಾಡಿದಳು.

"ಅವ ಯಾಂವನೋ ನನ್ನ ಮಾರಿ ಕದ್ದಾನ ಅಪ್ಪಾ. ಆದ್ರ ಅವನಕಿಂತ ಮೊದಲ ನನ್ನ ಮಾರಿ ಬದಲ ಮಾಡಿಸಿದಾಂವ ನೀ."

ಪಾರ್ವತಿಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಾಯಬಣ್ಣ ಎದ್ದು ಗೂಟಕ್ಕಿದ್ದ ಟೊಪ್ಪಿಗೆ ಹಾಕಿಕೊಂಡು, ನಡಿರಿ ಎಂದ.

ಸ್ಟುಡಿಯೋದವನು ಎರಡೂ ಫೋಟೋ ಇಟ್ಟಿದ್ದ, ತೆಗೆದ ತಾರೀಖಿನ ಸಮೇತ. ಅವನ್ನು ತೆಗೆದುಕೊಂಡು ಠಾಣೆಗೆ ಹೋದರು. ಶಿವಶರಣನೂ ಹಿಂದೆ ಹಿಂದೆ ಬಂದಿದ್ದ. ಅಲ್ಲಿ ಸಾಹೇಬರ ಮೇಜಿನ ಮುಂದೆ ಸಾಯಬಣ್ಣ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ.

"ಮೊದಲ ಸುಳ್ಳ ಫೋಟೋ ಮಾಡಿಸಿದಾಂವ ನಾ ಅದೀನ್ರಿ ಸಾಹೇಬ್ರ. ಭಾವಕಿ ಗ್ರೂಪಿಗಿ ಹಾಕಿದಾಂವನೂ ನಾನಽ. ಬರಕೋರಿ."

ಸಾಹೇಬರು ಬರೆದುಕೊಂಡರು. ಫೋನಿಗೆ ಬಂದ ವಿಡಿಯೋ ಎಲ್ಲಿ ಎಂದು ಕೇಳಿದರು. ಇಲ್ಲ ಎಂದ ಸಾಯಬಣ್ಣ. ಆಗ ಬಾಗಿಲಲ್ಲಿ ನಿಂತಿದ್ದ ಶಿವಶರಣ, ಸಾಯಬಣ್ಣನೇ ತನ್ನ ತಪ್ಪು ಒಪ್ಪಿಕೊಂಡದ್ದನ್ನು ಕಂಡು, ತಲೆ ಎತ್ತದೆ, ನನ್ನ ಬಳಿ ಇದೆ ಎಂದ.

ಕುಲದೇವರ ಆಣೆ ಮಾಡಿದವನು! ಅವನು ಅಳಿಸಿಯೇ ಇರಲಿಲ್ಲ. ಅಳಿಸದೆ ಇಟ್ಟುಕೊಂಡದ್ದೂ ಅಲ್ಲದೆ ನಾಲ್ಕು ಗೆಳೆಯರಿಗೆ ಕಳಿಸಿಯೂ ಇದ್ದ. ಠಾಣೆ ಬೇಡ ಎಂದು ಅವನು ಯಾಕೆ ಹೇಳುತ್ತಿದ್ದ ಎಂದು ಸಾಯಬಣ್ಣನಿಗೆ ಆಗ ತಿಳಿಯಿತು. ಸಾಯಬಣ್ಣ ಅವನ ಮೇಲೆ ಕೈ ಎತ್ತಿದ. ಸುವರ್ಣಾ ಅಡ್ಡ ಬಂದಳು.

"ಬಿಡಪ್ಪಾ. ಅವನ ಫೋನ್‌ದಾಗ ಕಳಿಸಿದಾವ್ನ ನಂಬರ ಅದ."

ಫೋನು ಠಾಣೆಯವರು ಇಟ್ಟುಕೊಂಡರು. ಮುಂದೆ ಕಳಿಸಿದ್ದಕ್ಕೆ ಶಿವಶರಣನ ಮೇಲೂ ತಪಾಸ ಆಗುತ್ತದೆ ಎಂದರು. ಭಾವಕಿ ಗ್ರೂಪಿಗೆ ಹಾಕಿದ ಸಾಯಬಣ್ಣನಿಗೂ ಅದನ್ನೇ ಹೇಳಿದರು. ಸಾಯಬಣ್ಣ ಆಗಲಿ ಎಂದ. ಕೇತಕಿ ಆ ದಿನವೇ ಕಂಪನಿಗಳಿಗೆ ದೂರು ಕಳಿಸಿದಳು.

ಇಷ್ಟಾದ ಮೇಲೆ ಎಲ್ಲ ಸರಿಹೋಯಿತು ಎಂದು ಹೇಳಲು ನನಗೂ ಆಸೆ. ಹೇಳಿದರೆ ಸುಳ್ಳಾಗುತ್ತದೆ. ತೋರಿಸಿಕೊಟ್ಟ ಕಡೆಯೆಲ್ಲ ಕಂಪನಿಯವರು ವಿಡಿಯೋ ತೆಗೆದುಹಾಕಿದರು, ಆದರೆ ಎರಡು ಸಲ ಮತ್ತೆ ಬಂತು, ಎರಡು ಸಲ ಮತ್ತೆ ದೂರು ಕೊಡಬೇಕಾಯಿತು. ಪೊಲೀಸರು ಶಿವಶರಣನಿಂದ ವಳಸಂಗದ ಸೋದರಮಾವನ ಹತ್ತಿರ, ಅವನಿಂದ ಸೋಲಾಪುರದ ಇನ್ನೊಬ್ಬನ ಹತ್ತಿರ ಹೋದರು. ಅವನು, ನಾನು ಆವಾಗಲೇ ಅಳಿಸಿ ಫೋನೂ ಮಾರಿದೆ ಎಂದ. ಅದರ ಹಿಂದೆ ಯಾರಿದ್ದರು ಎಂಬುದು ಇವತ್ತಿಗೂ ಗೊತ್ತಾಗಿಲ್ಲ. ಮೊದಲ ದಿನವೇ ಹೋಗಿದ್ದರೆ ಸಿಗುತ್ತಿದ್ದನೇನೋ. ಕಂಪನಿಯ ಉತ್ತರಕ್ಕೆ ಕಾಯುತ್ತಿದ್ದಾರೆ, ಕೇಸು ನಡೆದಿದೆ.

ಶಾಲೆಯವರು ಸುವರ್ಣಾಳ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡರು. ವಳಸಂಗದವರು ವಿಡಿಯೋ ಸುಳ್ಳೆಂದು ನಮಗೆ ತಿಳಿಯಿತು ಎಂದು ಹೇಳಿ ಕಳಿಸಿದರು, ಜೊತೆಗೆ ಗುರುತಿನ ವಿಷಯ ಮುಚ್ಚಿಟ್ಟಿರಿ ಎಂದು ಸಂಬಂಧ ಮುರಿದರು. ಸುವರ್ಣಾ ಈಗ ಸೋಲಾಪುರದಲ್ಲಿ ಕೇತಕಿಯ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ಗುರುತಿನ ಚೀಟಿಗೆ ಫೋಟೋ ತೆಗೆಸುವಾಗ, ಇದ್ದದ್ದು ಇದ್ದಂಗೆ ಇರಲಿ ಎಂದು ಮೊದಲೇ ಹೇಳಿದಳಂತೆ. ಊರಿಗೆ ಬರುವುದು ಕಡಿಮೆ. ಬಂದರೂ ಬಸ್ಸಿಗೆ ಬರುವುದಿಲ್ಲ, ಅಪ್ಪನೇ ಹೋಗಿ ಕರೆತರುತ್ತಾನೆ.

ಪಾರ್ವತಿಬಾಯಿ ಈಗ ಹೆಂಗಸರು ಉಳಿತಾಯ ಮಾಡುವ ಬಚತ ಗಟದ ಸಭೆ ಇದ್ದಾಗಲೆಲ್ಲ ಈ ಮಾತು ತೆಗೆಯುತ್ತಾಳೆ. ಗಂಡಸರು ಬರದ ಆ ಸಭೆಗೆ ಸಾಯಬಣ್ಣನೂ ಬಂದು ಮೂಲೆಯಲ್ಲಿ ಕೂರುತ್ತಾನೆ. ಯಾರಾದರೂ ಕೇಳಿದರೆ ತನ್ನ ತಪ್ಪನ್ನು ತಾನೇ ಬಿಡಿಸಿ ಹೇಳುತ್ತಾನೆ.

ಓದಿದವರೇ, ಓದಿಸಿ ಕೇಳಿದವರೇ, ನಾಳೆ ನಿಮ್ಮ ಫೋನಿಗೆ ಯಾರದೋ ಮಗಳ ಇಂಥ ವಿಡಿಯೋ ಬಂದರೆ ನಿಮ್ಮ ಕೈಯಲ್ಲೇ ಅದು ನಿಲ್ಲಲಿ. ಸುಳ್ಳು ಎಂದು ಹೇಳುವುದಕ್ಕಾಗಿಯೂ ಮುಂದೆ ಕಳಿಸಬೇಡಿರಿ. ನಿಮ್ಮ ಮನೆಗೇ ಬಂದರೆ ಗಾಬರಿಯಿಂದ ಅಳಿಸಬೇಡಿರಿ, ನಂಬರು, ತಾರೀಖು, ಗ್ರೂಪಿನ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಅದೇ ದಿನ ಹತ್ತಿರದ ಠಾಣೆಗೆ ಹೋಗಿರಿ. ಠಾಣೆಗೆ ಹೋಗಲು ಅಂಜಿಕೆ ಇದ್ದರೆ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಕೊಡಬಹುದು. ಹೆಣ್ಣುಮಕ್ಕಳಿಗೆ ಸಂಬಂಧಿಸಿದ ಇಂಥ ದೂರನ್ನು ಹೆಸರು ಹೇಳದೆಯೂ ಅಲ್ಲಿ ಕೊಡಬಹುದು. ದಾರಿ ತಿಳಿಯದಿದ್ದರೆ ಸೈಬರ್ ಸಹಾಯವಾಣಿ ಒಂದು ಒಂಬತ್ತು ಮೂರು ಸೊನ್ನೆಗೆ ಫೋನು ಹಚ್ಚಿ ಕೇಳಿರಿ. ಮಗಳ ಫೋಟೋವನ್ನು ಗುರುತಿಲ್ಲದ ನೂರು ಮಂದಿಯ ಗ್ರೂಪಿಗೆ ಬಿಡುವ ಮೊದಲು ಅವಳ ಒಪ್ಪಿಗೆ ಕೇಳಿರಿ.

ಹೌದು, ಎಲ್ಲಕ್ಕಿಂತ ಮೊದಲು ಅವಳನ್ನು ಕೇಳಿರಿ. ಸಾಯಬಣ್ಣ ಮೂವತ್ತೆರಡು ಮನೆಯ ಬಾಗಿಲಿಗೆ ಹೋಗಿ ಕೈಮುಗಿದ, ತನ್ನ ಮನೆಯಲ್ಲಿದ್ದ ಅವಳೊಬ್ಬಳ ಮಾತು ಕೇಳಲಿಲ್ಲ.