ಬಾಗಿಲಲ್ಲಿ ಬಾಗುವ ಭಾವ

ನಮ್ಮ ಭಾವನವರು ಯಾವ ಬಾಗಿಲಿಗೆ ಬಂದರೂ ತಲೆ ಬಗ್ಗಿಸುತ್ತಾರೆ. ಆನೆ ಹೊಗುವಷ್ಟು ಎತ್ತರದ ಮಹಾದ್ವಾರವಾದರೂ ಸರಿಯೇ, ಅದರೆದುರು ಒಂದು ಕ್ಷಣ ತಡೆದು, ಬಲಗೈಯಿಂದ ಚೌಕಟ್ಟನ್ನು ಮುಟ್ಟಿ, ಕುತ್ತಿಗೆ ತಗ್ಗಿಸಿಯೇ ಒಳಬರುತ್ತಾರೆ. ಅರಿಯದವರು ಇದನ್ನು ವಿನಯವೆಂದು ಬಗೆದು ಎದ್ದು ನಿಂತು ಕೈಮುಗಿಯುವುದುಂಟು. ವಿನಯವೂ ಅಲ್ಲ, ಮಣ್ಣೂ ಅಲ್ಲ. ಬಾಳಿನ ಬಹುಭಾಗವನ್ನು ಜಲಾಂತರ್ಗಾಮಿಗಳ ಹೊಟ್ಟೆಯಲ್ಲಿ ಕಳೆದವರ ಹಣೆಗೆ ಅಲ್ಲಿನ ಕಬ್ಬಿಣದ ಕಿಂಡಿಗಳು ಕಲಿಸಿದ ಪಾಠ.

ಮಾತೂ ಹಾಗೆಯೇ, ಪಿಸುದನಿ. ಕಡಲಡಿಯಲ್ಲಿ ಅಡಗಿದವರಿಗೆ ಸದ್ದೇ ಶತ್ರು. ಚಮಚವೊಂದು ಕೈಜಾರಿದರೂ ಮೇಲಿನ ಹಡಗಿಗೆ ಜಾಡು ಸಿಕ್ಕೀತು. ಹಾಗಾಗಿ ಊಟದ ತಟ್ಟೆಯನ್ನು ನಿದ್ದೆಹೋದ ಮಗುವನ್ನು ಮಲಗಿಸಿದಂತೆ ಮೇಜಿನ ಮೇಲಿಡುತ್ತಾರೆ. ವಿಧಿಯ ವಿನೋದ ನೋಡಿ, ಇಂಥವರಿಗೆ ಗಂಟುಬಿದ್ದವಳು ನನ್ನ ಅಕ್ಕ. ಅವಳು ಗುಟ್ಟು ಹೇಳಿದರೆ ಎರಡು ಬೀದಿಯಾಚೆಯ ನಾಯಿಗಳು ಎದ್ದು ಕೂರುತ್ತವೆ.

ಬಕೆಟ್ಟಿನ ನೀರು ಅಲುಗಿದರೂ ತಲೆಸುತ್ತು ಬರುವ ನಾನು, ಅವರಿಂದ ಸಾಹಸಕಥೆಯೊಂದನ್ನು ಹೊರಡಿಸಲು ವರ್ಷಗಟ್ಟಲೆ ಹೆಣಗಿದೆ. ಕಡೆಗೆ ಸಿಕ್ಕಿದ್ದು ಅವರು ಸೋತ ಕಥೆ.

ಅವರು ಕಮಾಂಡರಾಗಿದ್ದ ಕಾಲ. ನೌಕಾಪಡೆಯ ಅಣಕು ಯುದ್ಧ. ಮೇಲೆ ಹುಡುಕುವ ಹಡಗುಗಳು, ಕೆಳಗೆ ಅಡಗಿದ ಇವರು. ಸಂಜೆಯವರೆಗೆ ಸಿಕ್ಕಿಬೀಳದಿದ್ದರೆ ಗೆಲುವು. ಗೆದ್ದರೆ ಬಡ್ತಿ ಕೈಗೆ ಬಂದಂತೆಯೇ. ಅಕ್ಕ ಆಗಲೇ ದೊಡ್ಡ ಮನೆಯ ಪರದೆಗಳಿಗೆ ಬಣ್ಣ ಆರಿಸಿದ್ದಳು. ಇನ್ನೇನು ಗೆದ್ದರು ಎನ್ನುವಾಗ, ಕಿವಿಗೆ ಯಂತ್ರ ಹಚ್ಚಿ ಕಡಲನ್ನು ಆಲಿಸುತ್ತಿದ್ದ ನಾವಿಕ, "ಸಾರ್, ಮೀನಿನ ದೋಣಿ. ಎಂಜಿನ್ನು ಏದುಸಿರು ಬಿಡ್ತಿದೆ" ಎಂದ. ದೋಣಿಯ ಬಲೆ ಇವರ ಜಲಾಂತರ್ಗಾಮಿಯ ಬೆನ್ನಿಗೆ ಸಿಕ್ಕಿಕೊಂಡಿತ್ತು. ಇವರು ಮುಂದೆ ಸಾಗಿದಷ್ಟೂ ದೋಣಿ ಹಿಂಬದಿಯಿಂದ ನೀರೊಳಗೆ ಎಳೆಯಲ್ಪಡುತ್ತಿತ್ತು.

"ಬಲೆ ತಾನೇ ಹರಿದುಹೋಗ್ಬಹುದು, ಸಾರ್," ಎಂದ ಕಿರಿಯ ಅಧಿಕಾರಿ.

"ಹರೀದೇ ಇದ್ರೆ?"

ಮರುಕ್ಷಣವೇ ಯಂತ್ರ ನಿಲ್ಲಿಸಿ ಮೇಲೇಳುವ ಆಜ್ಞೆಯಾಯಿತು. ಅಂದು ಮಾತ್ರ ಅವರದು ಪಿಸುದನಿಯಾಗಿರಲಿಲ್ಲವಂತೆ. ಹಾಡುಹಗಲಲ್ಲಿ, ಎದುರಾಳಿ ಹಡಗುಗಳ ಕಣ್ಣೆದುರಿಗೇ, ಬೆನ್ನ ತುಂಬ ಬಲೆ ಹೊದ್ದು ಮೇಲೆದ್ದರು. ದೋಣಿಯ ಯಜಮಾನ ಉಪಕಾರ ಸ್ಮರಿಸಲಿಲ್ಲ. "ಬಲೆಯೆಲ್ಲಾ ಹಾಳು ಮಾಡಿದ್ರಲ್ಲ, ಕಣ್ಣು ಕಾಣ್ಸಲ್ವಾ ನಿಮ್ಗೆ?" ಎಂದು ಬೈದ. ಕೆಳಗಿದ್ದಾಗ ಕಾಣಿಸುವುದಿಲ್ಲವೆಂದು ಭಾವನವರು ಪ್ರಾಮಾಣಿಕವಾಗಿ ಒಪ್ಪಿಕೊಂಡರು.

ಆ ವರ್ಷ ಬಡ್ತಿ ಬೇರೊಬ್ಬರ ಪಾಲಾಯಿತು.

"ಅಲ್ಲಾ ರೀ, ಸಂಜೆವರ್ಗೂ ಮುಳುಗಿರೋಕೆ ಏನಾಗಿತ್ತು ನಿಮ್ಗೆ?" ಎಂದಳು ಅಕ್ಕ.

"ನಂಗೇನೂ ಆಗ್ತಿರ್ಲಿಲ್ಲ ಕಣೆ. ಮುಳುಗೋದು ನಮ್ಮ ಕೆಲ್ಸ. ಅವ್ರದ್ದಲ್ವಲ್ಲ."

ಅಕ್ಕ ಆ ಪರದೆಗಳನ್ನು ಹಳೆಯ ಮನೆಯ ಅಳತೆಗೇ ಕತ್ತರಿಸಿ ಹೊಲಿಸಿದಳು.

ಬಡ್ತಿ ತಡವಾಗಿ ಬಂತು, ಹೊಸ ಕಮಾಂಡರುಗಳನ್ನು ತಯಾರಿಸುವ ಹೊಣೆಯನ್ನೂ ಹೊತ್ತು ಬಂತು. ಮೊದಲ ದಿನ ಅವರು ಶಿಷ್ಯರ ಕಿವಿಗೆ ಹಾಕುತ್ತಿದ್ದುದು ಯುದ್ಧನೌಕೆಯ ಸದ್ದನ್ನಲ್ಲ, ಹಳೆಯ ಮೀನುದೋಣಿಯೊಂದರ ಏದುಸಿರನ್ನು. "ಮೊದ್ಲು ಇದ್ರ ಗುರ್ತು ಹಿಡೀರಿ. ಮಿಕ್ಕಿದ್ದೆಲ್ಲಾ ಆಮೇಲೆ." ಅವರು ನಿವೃತ್ತರಾದ ಮೇಲೂ ಅಲ್ಲಿ ಮೊದಲ ಪಾಠ ಅದೇ.

ಎತ್ತರಕ್ಕೇರಿ ದೊಡ್ಡವರಾದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರಿಗೆ ತಲೆ ಬಗ್ಗಿಸಬೇಕಾದ ಬಾಗಿಲುಗಳ ಮೇಲೆಯೇ ಸಿಟ್ಟು. ಆಳಕ್ಕಿಳಿದು ದೊಡ್ಡವರಾದವರು ವಿರಳ. ತಮ್ಮ ನೆತ್ತಿಯ ಮೇಲೆ ಯಾರೋ ಅನ್ನಕ್ಕಾಗಿ ದುಡಿಯುತ್ತಿದ್ದಾರೆಂಬ ಎಚ್ಚರ ಅಂಥವರನ್ನು ಬಿಡುವುದಿಲ್ಲ. ವಿನಯವಲ್ಲ ಎಂದೆನಲ್ಲ, ಆ ಮಾತನ್ನು ಹಿಂದಕ್ಕೆ ಪಡೆದಿದ್ದೇನೆ. ಈಚೆಗೆ ಅವರು ಬಂದಾಗ ನಾನೂ ಎದ್ದು ನಿಲ್ಲುತ್ತೇನೆ.