ಮಹಾಂತೇಶನಿಗೆ ದಕ್ಕದ ಮಣ್ಣು

ಮಹಾಂತೇಶ ಮೆಲ್ಬರ್ನಿನಲ್ಲಿ ತೀರಿಕೊಂಡು ಆರು ದಿನವಾದ ಮೇಲೆ, ಸೋಮವಾರ ಬೆಳಿಗ್ಗೆ, ತಿಪಟೂರು ಹತ್ತಿರದ ಹಾಲ್ಕುರಿಕೆಯಲ್ಲಿದ್ದ ಅಕ್ಕ ಸಿದ್ದಗಂಗಮ್ಮನಿಗೆ ಸುದ್ದಿ ಮುಟ್ಟಿತು. ಆಕೆ ಲಿಂಗಪೂಜೆ ಮುಗಿಸಿ, ಅಟ್ಟದಿಂದ ಇಳಿಸಿದ ಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೊಬ್ಬರಿಯಾದದ್ದನ್ನು ಬೇರೆ ಮಾಡುತ್ತಿದ್ದಳು. ಫೋನು ಮಾಡಿದವನು ಅರುಣ್ ಕುಮಾರ್. ತಮ್ಮನ ಜೊತೆ ಅಲ್ಲಿನ ವೇದಿಕೆಗಳಲ್ಲಿ ಜನರನ್ನು ನಗಿಸುತ್ತಿದ್ದವನು. ಅಲ್ಲೇ ಹುಟ್ಟಿ, ತಾಯಿಯಿಂದ ಕನ್ನಡ ಕಲಿತವನು.

“ಹಾರ್ಟ್ ಅಟ್ಯಾಕ್ ಅಕ್ಕ. ನಿಮ್ಮ ನಂಬರ್ ಹುಡುಕೋದು ತಡ ಆಯ್ತು. ಆಸ್ಪತ್ರೆ ಫಾರಂನಲ್ಲಿ, ಸಂಬಂಧಿಕರು ಯಾರೂ ಇಲ್ಲ ಅಂತ ಬರೆದಿದ್ದ.”

ಯಾಕೆಂದು ಸಿದ್ದಗಂಗಮ್ಮನಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಮಗಳು ಸೌಂದರ್ಯ ಮೊಬೈಲಿನಲ್ಲಿ ಮಾಮನ ಕಾರ್ಯಕ್ರಮ ತೋರಿಸಿ, ಇಂಗ್ಲಿಷನ್ನು ಬಿಡಿಸಿ ಹೇಳಿದ್ದಳು. ‘ನಮ್ಮಪ್ಪ ಹುಳಿಯಾರು ಬಸ್ಸಿನಲ್ಲಿ ಜೀವಮಾನವೆಲ್ಲ ನಿಂತೇ ಹೋದ. ನಮ್ಮ ಜನ ಸತ್ತವರನ್ನು ಕೂರಿಸಿ ಹೂಳುತ್ತಾರೆ. ಅಂತೂ ಸೀಟು ಸಿಕ್ಕಿತು.’ ಐನೂರು ಜನ ಬಿದ್ದು ಬಿದ್ದು ನಕ್ಕಿದ್ದರು. ಸಿದ್ದಗಂಗಮ್ಮ ಅವತ್ತೇ ತಮ್ಮನಿಗೆ ಫೋನು ಮಾಡಿಸಿದ್ದಳು.

“ಅಪ್ಪನ ಸಮಾಧಿ ಮೇಲೆ ನಿಂತ್ಕಂಡು ಚಪ್ಪಾಳೆ ಹೊಡಿಸ್ಕಂಡೆಯಲ್ಲೋ.”

“ಅಪ್ಪ ಇದ್ದಿದ್ರೆ ಅವ್ನೇ ಮೊದ್ಲು ನಗ್ತಿದ್ದ ಕಣಕ್ಕ. ತಿಪಟೂರಲ್ಲಿ ಜನ ನನ್ ಮಾತಿಗೆ ನಗೋರು. ಇಲ್ಲಿ ನಾಕು ವರ್ಷ ಇಂಗ್ಲಿಷಿಗೆ ನನ್ ನಾಲಿಗೆ ತಿರುಗ್ದೇ ಇರೋದ್ ನೋಡಿ ನಕ್ರು. ಮನೇದನ್ನ ತಂದು ಸುರಿದ ಮೇಲೇ ಹಾಲ್ ತುಂಬಿದ್ದು. ಇದನ್ನೇ ಇಲ್ಲಿ ಸಕ್ಸಸ್ ಅಂತಾರೆ. ನಿಮ್ಮಪ್ಪ ಎಂಥೋರು ಅಂತ ಒಬ್ಬನೂ ಕೇಳಿಲ್ಲ, ಬುಡು.”

“ಹಂಗಾದ್ರೆ ಯಾಕ್ಲಾ ಮಾಡ್ತೀಯ?”

“ಅವ್ರು ನಗೋವಾಗ ಒಂದ್ ಗಳಿಗೆ ನನ್ನೋರು ಯಾರೋ ಅವ್ರೆ ಅನ್ಸುತ್ತೆ.”

“ಅವ್ರೇ ನಿನ್ನೋರು. ಇನ್ ಮೇಲೆ ನಂಗೆ ಫೋನ್ ಮಾಡ್ಬೇಡ.”

ಅವನು ಮಾಡಲಿಲ್ಲ. ಹುಟ್ಟಿದಾಗಿನಿಂದ ಅಕ್ಕನ ಮಾತು ಕೇಳಿದ್ದು ಅದೊಂದೇ ಸಲ.

“ಮಣ್ಣು ಎಲ್ ಕೊಟ್ರಪ್ಪ?” ಎಂದು ಈಗ ಅರುಣ್ ಕುಮಾರನನ್ನು ಕೇಳಿದಳು.

“ಶನಿವಾರ ಸುಟ್ವಿ ಅಕ್ಕ.”

“ನಮ್ಮಲ್ಲಿ ಸುಡಾಕಿಲ್ಲ. ಕೈಲಿ ಲಿಂಗ ಇಟ್ಟು, ಕೂರಿಸಿ ಮಣ್ಣು ಕೊಡ್ತೀವಿ. ಅವ್ನು ಹೇಳಿರ್ಲಿಲ್ವಾ?”



“ವಾರಕ್ಕೆ ನಾಕು ಸಲ ಹೇಳ್ತಿದ್ದ ಅಕ್ಕ, ಸ್ಟೇಜ್ ಮೇಲೆ. ನಾವು ಅದು ಅವನೇ ಕಟ್ಟಿದ ಜೋಕ್ ಅಂದ್ಕೊಂಡಿದ್ವಿ.”

ಯಾರನ್ನು ಬೈಯುವುದು? “ಕೊರಳಲ್ಲಿ ಏನಾದ್ರೂ ಇತ್ತಾ?” ಎಂದಳು.

“ಬೆಳ್ಳಿದೊಂದು ಪುಟ್ಟ ಡಬ್ಬಿ, ಒಳಗೆ ಲಿಂಗ. ಕರಡಿಗೆ ಅಂತಿದ್ದ. ಬಿಚ್ಚಿಟ್ಟಿದ್ದೀವಿ. ಸ್ಟೇಜ್ ಹತ್ತೋ ಮುಂಚೆ ಅದನ್ನ ಹಿಡ್ಕೊಂಡು ಕಣ್ಣು ಮುಚ್ಚೋನು.”

“ಅದನ್ನೂ ಬೂದಿನೂ ಕಳ್ಸು.”

ಎರಡೂ ಬರಲು ತಿಂಗಳಾಯಿತು. ಕ್ರಿಯೆ ಮಾಡಿಸಬೇಕಾದ ಮಠದ ಕರಿಬಸವಯ್ಯನವರು ಆಗದೆಂದು ತಲೆಯಾಡಿಸಿದರು. “ಕೂರ್ಸಕ್ಕೆ ದೇಹ ಬೇಕಲ್ಲ ತಾಯಿ. ಬೂದಿಗೆ ಯಾವ ಕ್ರಿಯೆ ಮಾಡ್ಲಿ?”

ಆಕೆ ವಾದಿಸಲಿಲ್ಲ. ತೋಟದಲ್ಲಿ ಅಪ್ಪನ ಸಮಾಧಿಯ ಪಕ್ಕ ಗುಂಡಿ ತೆಗೆಸಿ, ತಾನೇ ಇಳಿದು ಬೂದಿಯನ್ನಿಟ್ಟಳು. ಅದರ ಮೇಲೆ ಅವನ ಲಿಂಗ, ವಿಭೂತಿ, ಪತ್ರೆ. ಮೊದಲ ಹಿಡಿ ಮಣ್ಣನ್ನು ಹಾಕಿ ಕೈ ಮುಗಿದಳು.

“ಶಿವನೇ, ಯಾರೂ ಇಲ್ಲ ಅಂತ ಇವ್ನ ಕೈಲಿ ಬರೆಸ್ದೋಳು ನಾನು. ಆ ಪಾಪ ನನ್ ಮೇಲಿರ್ಲಿ. ಇವ್ನು ನಿನ್ನನ್ನ ಕೊರಳಿಂದ ಇಳಿಸಿರ್ಲಿಲ್ಲ. ಕ್ರಿಯೆ ತಪ್ಪೋಯ್ತು ಅಂತ ಕೈ ಬುಡಬೇಡ. ನನ್ ತಮ್ಮನ್ನ ನಿನ್ನೊಳಗೆ ಸೇರಿಸ್ಕೋ. ಅವ್ನ ಜೀವಕ್ಕೆ ಶಾಂತಿ ಕೊಡು ತಂದೆ.”