ಮೇಲಿನ ಬರ್ತ್

ರಾತ್ರಿ ಪಾಳಿ ಮುಗಿಸಿದ ಡಾಕ್ಟರ್ ನೀರಜಾ ಲಂಡನ್ನಿನ ವೆಂಬ್ಲಿಯಲ್ಲಿದ್ದ ತಮ್ಮ ಫ್ಲಾಟಿಗೆ ಬಂದು, ಕೋಟನ್ನೂ ತೆಗೆಯದೆ ಸೋಫಾದ ಮೇಲೆ ಕುಸಿದಳು. ಗಂಡ ಮಾಧವನಿಗೆ ಅದೆಲ್ಲ ಎಲ್ಲಿ ಕಾಣಬೇಕು! ಕಾಫಿ ಲೋಟ ಅವಳ ಕೈಗಿತ್ತವನೇ ಮುಂದಿನ ರಜೆಗೆ ತಾನು ಯೋಜಿಸಿದ್ದ ಜೈಸಲ್ಮೇರ್ ಪ್ರವಾಸದ ಪುರಾಣ ಬಿಚ್ಚಿದ. ಮರಳುಗಾಡಿನ ನಡುವೆ ಹಳದಿ ಕಲ್ಲಿನ ಕೋಟೆ, ಅದರೊಳಗೆ ಅರಮನೆ, ಹತ್ತಿದಷ್ಟೂ ಮೆಟ್ಟಿಲು. ಮೆಟ್ಟಿಲೆಂದಾಗ ಅವಳ ಕಾಲು ತಾನಾಗಿಯೇ ನೋಯತೊಡಗಿತು. ಕಣ್ಣು ಮುಚ್ಚಿಕೊಂಡೇ ಹೂಂಗುಟ್ಟಿದಳು.

"ಒಂದೇ ತೊಂದರೆ ಕಣೆ, ದೆಹಲಿಯಿಂದ ರೈಲು. ಇಡೀ ರಾತ್ರಿ, ಮಾರನೇ ದಿನ ಮಧ್ಯಾಹ್ನದವರೆಗೂ ಸುಮ್ನೆ ಮಲ್ಕೊಂಡೇ ಇರ್ಬೇಕು."

ನೀರಜಾ ಕಣ್ಣು ಬಿಟ್ಟಳು.

"ಅಲ್ಲಿ ನನ್ನನ್ನ ಯಾರೂ ಕರೆಯಲ್ಲ ತಾನೇ?"

"ರೈಲಲ್ಲಿ ಯಾರು ಕರೀತಾರೆ?"

"ಹಾಗಾದ್ರೆ ಮೇಲಿನ ಬರ್ತ್ ಬುಕ್ ಮಾಡಿ. ಕೋಟೆ, ಅರಮನೆ ಎಲ್ಲ ನೀವೊಬ್ರೇ ನೋಡ್ಕೊಂಡು ಬನ್ನಿ. ವಾಪಸ್ ಅದೇ ರೈಲಲ್ಲಿ ತಾನೇ ಬರೋದು? ನನ್ನನ್ನ ಎಬ್ಬಿಸ್ಬೇಡಿ."